ಕತ್ತಿ ಕಲಿಸಿದವರು ಯಾರು?

ಕಾಮಿಕ್ಸ್ ಓದುವ ಹುಡುಗರಿಗೆ ನಾಯಕನ ಮೇಲೆ ಪ್ರೀತಿ. ನನಗೆ ಅವನ ಗುರುವಿನ ಮೇಲೆ. ನಾಯಕನೇನೋ ಬಿಗಿಯಾದ ಬಟ್ಟೆ ತೊಟ್ಟು ಊರು ಕಾಯುತ್ತಾನೆ, ಪುಸ್ತಕದ ಹೊದಿಕೆಯ ಮೇಲೆ ಮೆರೆಯುತ್ತಾನೆ. ಅವನಿಗೆ ಪಟ್ಟು ಹೇಳಿಕೊಟ್ಟ ಮುದುಕ ನಾಲ್ಕು ಪುಟಕ್ಕೆ ಬಂದು ಮರೆಯಾಗುತ್ತಾನೆ. ಮನಸ್ಸಿನಲ್ಲಿ ಉಳಿಯುವವನು ಮಾತ್ರ ಆ ಮುದುಕನೇ.

ಅಮೆರಿಕದ ಕಾಮಿಕ್ಸ್‌ಗೆ ಕುಂಗ್‌ಫು ಜ್ವರ ಏರಿದ್ದು ಬ್ರೂಸ್ ಲೀಯ ಕಾಲದಲ್ಲಿ. 'ಎಂಟರ್ ದಿ ಡ್ರ್ಯಾಗನ್' ತೆರೆಗೆ ಬಂದ 1973ರಲ್ಲೇ ಮಾರ್ವೆಲ್‌ನವರ ಶಾಂಗ್-ಚಿ ಹುಟ್ಟಿದ. ಆಮೇಲೆ ಇಂಥವರು ಸಾಲುಸಾಲಾಗಿ ಬಂದರು. ಅವರೆಲ್ಲರಿಗಿಂತ ನನಗೆ ಹಿಡಿಸಿದವನು ಸ್ಟಿಕ್. ಹೆಸರೇ ಕೋಲು! 1964ರಲ್ಲಿ ಬಂದ ಡೇರ್‌ಡೆವಿಲ್‌ನ ಕಥೆ ಹಲವರಿಗೆ ಗೊತ್ತು: ಹುಡುಗನಾಗಿದ್ದಾಗ ಅಪಘಾತದಲ್ಲಿ ಕಣ್ಣು ಕಳೆದುಕೊಂಡವನು, ಹಗಲು ವಕೀಲ, ರಾತ್ರಿ ವೀರ. ಕಣ್ಣಿಲ್ಲದವನಿಗೆ ಕಾದಲು ಕಲಿಸಿದವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1981ರಲ್ಲಿ, ಫ್ರಾಂಕ್ ಮಿಲ್ಲರ್ ಸ್ಟಿಕ್‌ನನ್ನು ಕರೆತಂದಾಗ. ಅವನೂ ಕುರುಡ, ಮುಂಗೋಪಿ, ಹೊಗಳಿಕೆಯ ಮಾತೇ ಆಡದವನು. ತನ್ನೊಳಗಿನ ಶಕ್ತಿ ಮಂಕಾದಾಗ ಡೇರ್‌ಡೆವಿಲ್ ಓಡಿಹೋಗುವುದು ವೈದ್ಯರ ಬಳಿಗಲ್ಲ, ಈ ಗುರುವಿನ ಬಳಿಗೆ.

ಅದನ್ನು ಓದುವಾಗೆಲ್ಲ ನನಗೆ ನೆನಪಾಗುವವರು ಹೊಸ್ತೋಟ ಮಂಜುನಾಥ ಭಾಗವತರು. ಶಿರಸಿ ತಾಲ್ಲೂಕಿನ ಹೊಸ್ತೋಟದವರು. ಕೆರೆಮನೆ ಶಿವರಾಮ ಹೆಗಡೆಯವರಲ್ಲಿ ಯಕ್ಷಗಾನ ಕಲಿತವರು. ಮದುವೆಯಾಗಲಿಲ್ಲ, ಆಸ್ತಿ ಮಾಡಲಿಲ್ಲ. ಊರೂರು ತಿರುಗಿ ಮಕ್ಕಳಿಗೆ ಯಕ್ಷಗಾನ ಹೇಳಿಕೊಟ್ಟರು, ನೂರಾರು ಪ್ರಸಂಗ ಬರೆದರು. 2020ರ ಜನವರಿಯಲ್ಲಿ ತೀರಿಕೊಂಡರು. ಯಕ್ಷಋಷಿ ಎಂದು ಜನ ಅವರನ್ನು ಕರೆದದ್ದರಲ್ಲಿ ಒಂದಕ್ಷರವೂ ಹೆಚ್ಚಲ್ಲ. ಈ ಭಾಗವತರು ಶಿವಮೊಗ್ಗದ ಶಾರದಾದೇವಿ ಅಂಧರ ವಿಕಾಸ ಕೇಂದ್ರದ ಅಂಧ ವಿದ್ಯಾರ್ಥಿಗಳಿಗೆ ಯಕ್ಷಗಾನ ಕಲಿಸಿ, ವೇಷ ಕಟ್ಟಿಸಿ ರಂಗಕ್ಕೆ ತಂದರು. ಇದು ಸಣ್ಣ ಮಾತಲ್ಲ. ಬಡಗುತಿಟ್ಟಿನ ಯುದ್ಧಕುಣಿತ ಕಣ್ಣಿದ್ದವನ ಉಸಿರನ್ನೇ ಹಿಂಡುತ್ತದೆ. ಎದುರಾಳಿ ಎಲ್ಲಿದ್ದಾನೆ, ರಂಗದ ಅಂಚು ಎಷ್ಟು ದೂರ, ಬಿಲ್ಲು ಬೀಸಿದರೆ ಯಾರ ಕಿರೀಟಕ್ಕೆ ತಗಲುತ್ತದೆ, ಎಲ್ಲವೂ ತಾಳ ತಪ್ಪದೆ ಕಾಲಿಗೆ ತಿಳಿಯಬೇಕು. ನೋಡಿ ಕಲಿ ಎಂದು ಹೇಳುವಂತಿಲ್ಲದ ಮಕ್ಕಳಿಗೆ ಅದನ್ನು ದಾಟಿಸಲು ಎಷ್ಟು ತಾಳ್ಮೆ ಬೇಕು! ಮಿಲ್ಲರ್ ಕಾಗದದ ಮೇಲೆ ಊಹಿಸಿದ್ದನ್ನು ನಮ್ಮ ಸೀಮೆಯ ಜೋಳಿಗೆಯ ಮನುಷ್ಯ ನಿಜವಾಗಿ ಮಾಡಿದರು, ಅದೂ ಮುಂಗೋಪವಿಲ್ಲದೆ.

ಗುರುವಿನ ವಿಷಯ ಬಂತೆಂದರೆ ಪರಶುರಾಮನನ್ನು ಬಿಟ್ಟು ಮುಂದೆ ಹೋಗುವುದು ಹೇಗೆ? ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ತಾಳಮದ್ದಳೆಗೆ ಹೋಗಿ ಕುಳಿತರೆ ಭೀಷ್ಮವಿಜಯ ಪ್ರಸಂಗ ಸಿಕ್ಕೀತು. ಬಣ್ಣವಿಲ್ಲ, ಕುಣಿತವಿಲ್ಲ. ಶಾಲು ಹೊದ್ದ ಅರ್ಥಧಾರಿಗಳು, ಭಾಗವತರು, ಮದ್ದಳೆ, ಚಂಡೆ, ಕೈಯಿಂದ ಕೈಗೆ ಹೋಗುವ ಕವಳದ ತಟ್ಟೆ. ಜಗತ್ತಿನ ಇಬ್ಬರು ಮಹಾ ಬಿಲ್ಲಾಳುಗಳ ಕಾಳಗ ಕುಳಿತಲ್ಲೇ ನಡೆದುಹೋಗುತ್ತದೆ. ಅಂಬೆಗೆ ಮಾತು ಕೊಟ್ಟ ಗುರು, ಅಪ್ಪನಿಗಾಗಿ ಮಾತು ಕೊಟ್ಟ ಶಿಷ್ಯ. ಇಬ್ಬರಿಗೂ ಹಿಂದೆ ಸರಿಯಲು ದಾರಿಯಿಲ್ಲ. ಕಾದುವ ಮೊದಲು ಭೀಷ್ಮ ರಥ ಇಳಿದು ಬಂದು ಗುರುವಿಗೆ ನಮಸ್ಕರಿಸಿ ಅಪ್ಪಣೆ ಬೇಡುತ್ತಾನೆ. ಹೀಗೆ ಬರದಿದ್ದರೆ ಶಪಿಸುತ್ತಿದ್ದೆ ಎನ್ನುತ್ತಾನೆ ಪರಶುರಾಮ. ಒಳ್ಳೆಯ ಅರ್ಥಧಾರಿಗೆ ಇಷ್ಟು ಸಿಕ್ಕರೆ ಒಂದು ಗಂಟೆಯ ಮಾತಿಗೆ ಸಾಕು. ಪಕ್ಕದಲ್ಲಿ ತೂಕಡಿಸುತ್ತಿದ್ದ ಮಾಣಿ ಎದ್ದು, "ಅಪ್ಪಚ್ಚೀ, ಯಾರು ಗೆದ್ದಿದ್ದು?" ಎಂದು ಕೇಳಿದರೆ ದೊಡ್ಡವರು ಥಟ್ಟನೆ ಉತ್ತರ ಕೊಡುವುದಿಲ್ಲ. ಪಿತೃಗಳು ಬಂದು ಪರಶುರಾಮನ ಕೈ ತಡೆದ ಕಥೆ ಅದು. ಗುರು ಬಿಲ್ಲು ಕೆಳಗಿಟ್ಟು ಶಿಷ್ಯನನ್ನು ಮೆಚ್ಚಿಕೊಂಡ ಕಥೆ.

ಕಾಮಿಕ್ಸ್ ಪುಟದಲ್ಲೂ ಕಾಳಗ ಅಲುಗುವುದಿಲ್ಲವಲ್ಲ. ಎತ್ತಿದ ಕಾಲು ಒಂದು ಚೌಕದಲ್ಲಿ, ಬಿದ್ದವನು ಮುಂದಿನ ಚೌಕದಲ್ಲಿ. ಒದೆ ಬಿದ್ದದ್ದು ನಡುವಿನ ಬಿಳಿಯ ಜಾಗದಲ್ಲಿ, ಓದುಗನ ತಲೆಯೊಳಗೆ. ತಾಳಮದ್ದಳೆ ಕೇಳಿ ಬೆಳೆದವರಿಗೆ ಈ ಕಲೆ ಹೊಸದೇನಲ್ಲ.

ಹಾಗಾದರೆ ನಮ್ಮದೇ ನೆಲದ ಕಥೆಯೊಂದು ಹೀಗೆ ಕಾಮಿಕ್ಸ್ ಆಗಿ ಏಕೆ ಬರಬಾರದು? ಶಿರಸಿಯಿಂದ 20 ಕಿಲೋಮೀಟರಿಗಿಂತ ತುಸು ಹೆಚ್ಚು ದೂರದಲ್ಲಿ ಬನವಾಸಿ. ಕದಂಬರ ರಾಜಧಾನಿ. ಆ ವಂಶವನ್ನು ಸ್ಥಾಪಿಸಿದ ಮಯೂರಶರ್ಮನ ಕಥೆಯನ್ನು ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದಲ್ಲಿ ಕುಬ್ಜನೆಂಬ ಕವಿ 5ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದಿಟ್ಟಿದ್ದಾನೆ. ಬ್ರಾಹ್ಮಣ ತರುಣ, ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ವೇದ ಓದಲು ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಯಿತು. ದರ್ಭೆ ಹಿಡಿದ ಕೈ ಕತ್ತಿ ಹಿಡಿಯಿತು. ಗಡಿ ಕಾಯುವವರನ್ನು ಸೋಲಿಸಿ ಶ್ರೀಪರ್ವತದವರೆಗಿನ ಕಾಡು ಹಿಡಿದ. ಬೃಹದ್ಬಾಣ ಅರಸರಿಂದ ಕಪ್ಪ ಪಡೆದ. ಕೊನೆಗೆ ಪಲ್ಲವರೇ ಅವನನ್ನು ಒಪ್ಪಿಕೊಂಡರು. ದೇವುಡು ಅವರ ಕಾದಂಬರಿಯಿಂದ 1975ರಲ್ಲಿ 'ಮಯೂರ' ಸಿನಿಮಾ ಬಂದು, ರಾಜ್‌ಕುಮಾರ್ ಮೂಲಕ ಈ ಕಥೆ ಮನೆಮಾತಾಯಿತು.

ಆದರೆ ಶಾಸನವನ್ನು ಇನ್ನೊಮ್ಮೆ ನೋಡಿ. ವೇದ ಕಲಿಸಿದವನ ಹೆಸರು ಕಲ್ಲಿನಲ್ಲಿದೆ, ಕತ್ತಿ ಕಲಿಸಿದವನ ಹೆಸರಿಲ್ಲ. ಜಗಳಕ್ಕೂ ಗಡಿಯ ಗೆಲುವಿಗೂ ನಡುವೆ ಯಾರೋ ಒಬ್ಬರು ಈ ಹುಡುಗನನ್ನು ತಿದ್ದಿರಲೇಬೇಕು. ಕಾಡಿನವರೇ ಇರಬೇಕು ಎನ್ನುತ್ತದೆ ನನ್ನ ಮನಸ್ಸು. ಮೈಯಿಂದ ಕಲಿಯುವ ವಿದ್ಯೆಗಳ ಗತಿ ಹೆಚ್ಚಾಗಿ ಇದೇ. ಶಿರಸಿಯ ತೋಟಗಳಲ್ಲಿ ಕಾಲಿಗೆ ಹಗ್ಗದ ಕುಣಿಕೆ ಹಾಕಿ ಮರವೇರಿ, ಅಡಿಕೆ ಮರದ ತುದಿಯಿಂದ ಪಕ್ಕದ ಮರಕ್ಕೆ ದಾಟಿ ಕೊನೆ ಕೊಯ್ಯುವ ಕೊನೆಗೌಡನಿಗೆ ಆ ವಿದ್ಯೆ ಕೊಟ್ಟವರನ್ನು ಯಾರು ಬರೆದಿಟ್ಟಿದ್ದಾರೆ? ಈಗ ನೆಲದಿಂದಲೇ ಕೊಯ್ಯುವ ಫೈಬರ್ ದೋಟಿ ಬಂದು ಮರವೇರುವವರೇ ವಿರಳವಾಗುತ್ತಿದ್ದಾರೆ.

ಕಾರ್ಕಳದ ಅನಂತ ಪೈ 1967ರಲ್ಲಿ ಕಟ್ಟಿದ ಅಮರ ಚಿತ್ರಕಥೆ ದ್ರೋಣನಿಗೆ ಒಂದು ಪುಸ್ತಕವನ್ನೇ ಕೊಟ್ಟಿತು. ಮಯೂರನ ಈ ಹೆಸರಿಲ್ಲದ ಗುರುವಿಗೂ ಒಂದು ಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಚಿತ್ರ ಬರೆಯುವ ಹುಡುಗ ಹುಡುಗಿಯರಿದ್ದಾರೆ. ಕಾಡು ಅವರಿಗೆ ಗೊತ್ತು, ಮಳೆ ಗೊತ್ತು, ಕಲಿಸುವವರ ಕಷ್ಟವೂ ಗೊತ್ತು. ಮುಖಪುಟದ ಮೇಲೆ ಬೇಕಾದರೆ ಮಯೂರನೇ ಇರಲಿ. ಒಳಗಿನ ಮುಕ್ಕಾಲು ಪಾಲು ಆ ಕಾಡಿನ ಗುರುವಿನದಾಗಲಿ.