ಹಡಗಿನೊಳಗಿನ ಜಮಾಖರ್ಚು

ಕಾಸರಗೋಡಿನವರಾದ ನಮಗೆ ಕಡಲು ಹೊಸತಲ್ಲ. ಬೇಕಲದ ಕೋಟೆಯ ಮೇಲೆ ನಿಂತರೂ ಕಡಲು, ಚಂದ್ರಗಿರಿ ಹೊಳೆಯ ಜಾಡು ಹಿಡಿದು ಪಡುವಣಕ್ಕೆ ನಡೆದರೂ ಕಡಲು. ಆದರೆ ನಮ್ಮ ಪೈಕಿ ಹೆಚ್ಚಿನವರಿಗೆ ಅದು ದಡದಲ್ಲಿ ನಿಂತು ನೋಡುವ ವಸ್ತುವಾಗಿತ್ತು. ಅದರ ಮೇಲೆ ಹೋದವರೆಂದರೆ ಮೀನುಗಾರರು, ಇಲ್ಲವೇ ಹೊಟ್ಟೆಪಾಡಿಗಾಗಿ ಹಡಗೇರಿದವರು. ವಿಹಾರಕ್ಕೆಂದೇ ಹಡಗು ಹತ್ತುವ ರೂಢಿ ನಮ್ಮ ಕಡೆಗೆ ಬಂದದ್ದು ತೀರ ಈಚೆಗೆ. ಈಗ ನಿವೃತ್ತ ಅಧ್ಯಾಪಕರು, ಬ್ಯಾಂಕಿನವರು, ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕಿದ ವರ್ಷ ಕೃಷಿಕರೂ ಸಿಂಗಾಪುರಕ್ಕೆ ಹಾರಿ, ಅಲ್ಲಿಂದ ನಾಲ್ಕಾರು ದಿನಗಳ ಸಮುದ್ರಯಾನ ಮುಗಿಸಿ ಬರುತ್ತಿದ್ದಾರೆ. ನಾನೂ ನನ್ನ ಪತ್ನಿಯೂ ಹಾಗೆಯೇ ಸಿಂಗಾಪುರದಿಂದ ಹೊರಟು ಪೆನಾಂಗ್, ಫುಕೆಟ್‌ಗಳನ್ನು ಮುಟ್ಟಿ ಮರಳುವ ನಾಲ್ಕು ರಾತ್ರಿಗಳ ಯಾನವೊಂದನ್ನು ಮಾಡಿ ಬಂದೆವು. ಊರಿಗೆ ಬಂದ ಮೇಲೆ ಎಲ್ಲರೂ ಕೇಳಿದ ಮೊದಲ ಪ್ರಶ್ನೆ ಒಂದೇ: "ಒಟ್ಟು ಎಷ್ಟಾಯಿತು ಮಾಷ್ಟ್ರೇ?"

ಈ ಪ್ರಶ್ನೆಯನ್ನು ಕೇಳಲು ಯಾರೂ ಸಂಕೋಚಪಡಬೇಕಾಗಿಲ್ಲ. ಪಿಂಚಣಿಯ ಹಣದಲ್ಲಿ ಲೋಕ ನೋಡಹೊರಟವರಿಗೆ ಲೆಕ್ಕವೇ ಊರುಗೋಲು. ಹಡಗಿನ ಲೆಕ್ಕಕ್ಕೆ ಅದರದೇ ಆದ ಒಂದು ಸ್ವಭಾವವಿರುವುದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕೆನ್ನಿಸಿದೆ.

ಜಾಹೀರಾತಿನಲ್ಲಿ ಕಾಣುವ ದರ ಸಾಮಾನ್ಯವಾಗಿ ಒಂದು ಕೋಣೆಯಲ್ಲಿ ಇಬ್ಬರು ಇರುತ್ತಾರೆಂದು ಭಾವಿಸಿ ಒಬ್ಬರಿಗೆ ಹಾಕಿದ ದರ. ಒಂಟಿಯಾಗಿ ಹೋಗುವವರು ಅನೇಕ ಹಡಗುಗಳಲ್ಲಿ ಹೆಚ್ಚುಕಡಿಮೆ ಎರಡು ಪಾಲನ್ನೂ ತೆರಬೇಕಾಗುತ್ತದೆ. ಬಂದರು ಶುಲ್ಕ ಮತ್ತು ತೆರಿಗೆಗಳು ದರದೊಳಗೆ ಸೇರಿವೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು. ಕಿಟಕಿಯಿಲ್ಲದ ಒಳಕೋಣೆ ಅತ್ಯಂತ ಅಗ್ಗ. ನಾವು ಅದನ್ನೇ ಆರಿಸಿಕೊಂಡೆವು. ಮಲಗುವುದಕ್ಕೆ ಮತ್ತು ಸ್ನಾನಕ್ಕೆ ಹೊರತು ಕೋಣೆಯಲ್ಲಿ ಇರುವವರು ಯಾರು? ಕಡಲು ನೋಡಲು ಮೇಲಿನ ಅಟ್ಟಗಳೆಲ್ಲ ತೆರೆದೇ ಇರುತ್ತವೆ. ತಲೆಸುತ್ತುವ ಭಯವಿದ್ದವರು ಕೆಳಗಿನ ಅಂತಸ್ತಿನಲ್ಲಿ, ಹಡಗಿನ ನಡುಭಾಗದ ಕೋಣೆಯನ್ನು ಕೇಳಿ ಪಡೆಯುವುದು ಒಳ್ಳೆಯದು. ಓಲಾಟ ಅಲ್ಲಿ ಕಡಿಮೆ. ಮಲಾಕ್ಕಾ ಜಲಸಂಧಿ ಎರಡು ಕಡೆಯೂ ನೆಲದ ಆಸರೆಯಿರುವ ಶಾಂತ ನೀರು. ಅಲ್ಲಿಂದ ಅಂಡಮಾನ್ ಸಮುದ್ರಕ್ಕೆ ತಿರುಗಿದ ಮೇಲೆ ಮಳೆಗಾಲದ ತಿಂಗಳುಗಳಲ್ಲಿ ಅಲೆಗಳ ಹೊಡೆತ ಹೆಚ್ಚು.

ಕಾಗದಪತ್ರಗಳ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಸಿಂಗಾಪುರದಿಂದ ಹಡಗೇರಿ ಮತ್ತೆ ಸಿಂಗಾಪುರಕ್ಕೇ ಬಂದಿಳಿಯುವಾಗ ನಾವು ಆ ದೇಶವನ್ನು ಎರಡು ಸಲ ಪ್ರವೇಶಿಸಿದಂತಾಗುತ್ತದೆ. ಆದ್ದರಿಂದ ವೀಸಾ ಒಂದಕ್ಕಿಂತ ಹೆಚ್ಚು ಪ್ರವೇಶಕ್ಕೆ ಅವಕಾಶ ಕೊಡುವಂಥದ್ದಾಗಿರಬೇಕು. ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ ವೀಸಾ ಇಲ್ಲದ ಪ್ರವೇಶವನ್ನು ಆರಂಭಿಸಿತು. ಇಂಥ ನಿಯಮಗಳು ಬದಲಾಗುವುದರಿಂದ ಹೊರಡುವ ಮುನ್ನ ಮತ್ತೊಮ್ಮೆ ವಿಚಾರಿಸಿಕೊಳ್ಳಬೇಕು. ಪ್ರವಾಸದ ಏಜೆಂಟರು ವಿದೇಶ ಪ್ಯಾಕೇಜಿನ ಮೇಲೆ ಟಿಸಿಎಸ್ ಎಂದು ಸಂಗ್ರಹಿಸುವ ಮೊತ್ತ ಕಳೆದುಹೋದ ಹಣವಲ್ಲ. ಆದಾಯ ತೆರಿಗೆಯ ವಿವರ ಸಲ್ಲಿಸುವಾಗ ಅದನ್ನು ನಮ್ಮ ಲೆಕ್ಕಕ್ಕೆ ಜಮಾ ಮಾಡಿಸಿಕೊಳ್ಳಬಹುದು. ವೀಳ್ಯದೊಂದಿಗೆ ಹೊಗೆಸೊಪ್ಪು ಜಗಿಯುವ ಅಭ್ಯಾಸವಿದ್ದವರು ಅದನ್ನು ಊರಲ್ಲೇ ಬಿಟ್ಟು ಹೊರಡಲಿ. ಜಗಿಯುವ ತಂಬಾಕು ಸಿಂಗಾಪುರದಲ್ಲಿ ನಿಷಿದ್ಧ.

ಹಡಗು ಹತ್ತುವಾಗ ದೊಡ್ಡ ಪೆಟ್ಟಿಗೆಗಳನ್ನು ಕೆಳಗೇ ತೆಗೆದುಕೊಳ್ಳುತ್ತಾರೆ. ಅವು ಕೋಣೆಯ ಬಾಗಿಲಿಗೆ ಬಂದು ಮುಟ್ಟುವಾಗ ಸಂಜೆಯಾದೀತು. ಔಷಧಿ, ಪಾಸ್‌ಪೋರ್ಟ್, ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಬೇಕು. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ಮೊದಲಾದವು ಬೆಂಕಿಯ ಭಯದಿಂದ ನಿಷಿದ್ಧ. ಹವಾನಿಯಂತ್ರಣದ ಚಳಿಗೆ ಒಂದು ಶಾಲು ಬೇಕೇ ಬೇಕು. ಯಾನ ಆರಂಭವಾಗುವಾಗ ಎಲ್ಲರೂ ಸುರಕ್ಷಾ ತಾಲೀಮಿನಲ್ಲಿ ಭಾಗವಹಿಸಬೇಕಾಗುತ್ತದೆ. ಕೆಲವರು ಅದನ್ನು ಕಾಟವೆಂದು ಗೊಣಗುತ್ತಾರೆ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ ಹಡಗಿನ ಸುರಕ್ಷೆಯ ಅಂತರರಾಷ್ಟ್ರೀಯ ಒಪ್ಪಂದ 1914ರಲ್ಲಿ ರೂಪುಗೊಂಡಿತು. ಅದಾಗಿ ಸುಮಾರು ನೂರು ವರ್ಷಗಳ ಬಳಿಕವೂ, 2012ರಲ್ಲಿ, ಕೋಸ್ಟಾ ಕಾಂಕಾರ್ಡಿಯಾ ಇಟಲಿಯ ದಂಡೆಯ ಬಳಿ ಬಂಡೆಗೆ ತಾಗಿ 32 ಜೀವಗಳು ಹೋದವು. ಆ ತಾಲೀಮಿಗೆ ಕೊಡುವ ಸ್ವಲ್ಪ ಸಮಯ ನಮ್ಮ ಜೀವದ ಬಾಬ್ತು.

ಹಡಗಿನೊಳಗೆ ನಗದು ಹಣ ಕಣ್ಣಿಗೆ ಬೀಳುವುದು ಕಡಿಮೆ. ಕೋಣೆಯ ಬೀಗ ತೆರೆಯುವ ಕಾರ್ಡನ್ನೇ ಎಲ್ಲೆಡೆ ತೋರಿಸಿದರಾಯಿತು, ಖರ್ಚು ತಾನೇ ಬರೆದುಕೊಳ್ಳುತ್ತದೆ. ಇದರಲ್ಲೇ ಅಪಾಯವಿರುವುದು. ನೋಟು ಕೈಬಿಟ್ಟು ಹೋಗುವಾಗ ಆಗುವ ಸಣ್ಣ ಸಂಕಟ ಕಾರ್ಡು ತೋರಿಸುವಾಗ ಆಗುವುದಿಲ್ಲ. ನನ್ನ ಪತ್ನಿ ಮನೆಯಲ್ಲಿ ಹಾಲಿನ ಲೆಕ್ಕ ಬರೆಯುವಂಥದೇ ಒಂದು ಚಿಕ್ಕ ಪುಸ್ತಕವನ್ನು ಹಡಗಿಗೂ ತಂದಿದ್ದಳು. ಪ್ರತಿ ರಾತ್ರಿ ಕೋಣೆಯ ದೂರದರ್ಶನದ ಪರದೆಯಲ್ಲಿ ನಮ್ಮ ಖಾತೆ ತೆರೆದು, ಪುಸ್ತಕದೊಂದಿಗೆ ತಾಳೆ ನೋಡಿ ಮಲಗುವುದು ಕ್ರಮವಾಯಿತು. ಲೆಕ್ಕದಲ್ಲಿ ಏನಾದರೂ ತಪ್ಪು ಸೇರಿದ್ದರೆ ಆ ದಿನವೇ ಕೇಳುವುದು ಸುಲಭ. ಕೊನೆಯ ಬೆಳಗ್ಗೆ ಸೇವಾ ಮೇಜಿನ ಮುಂದೆ ಸಾಲು ಉದ್ದವಾಗಿರುತ್ತದೆ. ಭದ್ರತೆಗೆಂದು ಡೆಬಿಟ್ ಕಾರ್ಡ್ ಕೊಟ್ಟರೆ ಬ್ಯಾಂಕಿನಲ್ಲಿರುವ ನಮ್ಮ ಹಣವೇ ಕೆಲವು ದಿನ ತಡೆಹಿಡಿಯಲ್ಪಡಬಹುದು. ಅಲ್ಲಿಗೆ ಕ್ರೆಡಿಟ್ ಕಾರ್ಡ್ ವಾಸಿ.

ಊಟದ ಬಗ್ಗೆ ಆತಂಕ ಬೇಡ. ಮುಖ್ಯ ಭೋಜನಶಾಲೆ, ದಿನವಿಡೀ ತೆರೆದಿರುವ ಬಫೆ, ನೀರು, ಚಹಾ, ಕಾಫಿ ದರದಲ್ಲೇ ಸೇರಿರುತ್ತವೆ. ಸಸ್ಯಾಹಾರ ಬೇಕೆಂದು ಮುಂಗಡ ಕಾದಿರಿಸುವಾಗಲೇ ತಿಳಿಸಬೇಕು. ಏಷ್ಯಾದ ಯಾನಗಳಲ್ಲಿ ಭಾರತೀಯರು ಬಹಳ ಇರುವುದರಿಂದ ಅನ್ನ, ಬೇಳೆ, ಮೊಸರಿಗೆ ಕೊರತೆಯಾಗದು. ಪ್ರತ್ಯೇಕ ಬಿಲ್ಲು ಬರುವುದು ಮದ್ಯ, ಬಾಟಲಿಯ ಪಾನೀಯಗಳು, ವಿಶೇಷ ಭೋಜನಶಾಲೆಗಳು, ಛಾಯಾಚಿತ್ರಗಳು, ಬಟ್ಟೆ ಒಗೆತ, ಅಂತರ್ಜಾಲ ಮತ್ತು ಜೂಜುಕಟ್ಟೆಗಳಿಂದ. ಪಾನೀಯಗಳ ಪ್ಯಾಕೇಜು ದಿನದ ಲೆಕ್ಕದಲ್ಲಿ ಮಾರಾಟವಾಗುತ್ತದೆ. ದಿನಕ್ಕೆರಡು ಲೋಟ ಕಿತ್ತಳೆ ರಸ ಕುಡಿಯುವವರಿಗೆ ಅದು ನಷ್ಟವೇ. ನೀರನ್ನು ಕೊಂಡುಕೊಳ್ಳುವ ಅಗತ್ಯವಂತೂ ಇಲ್ಲ. ದೊಡ್ಡ ಹಡಗುಗಳು ಸಮುದ್ರದ ನೀರನ್ನೇ ಭಟ್ಟಿಯಿಳಿಸಿಯೋ ಸೋಸಿಯೋ ಸಿಹಿನೀರು ಮಾಡಿಕೊಳ್ಳುತ್ತವೆ. ನಾವು ಊರಿನಿಂದ ಒಯ್ದ ಸ್ಟೀಲಿನ ಬಾಟಲಿಗೆ ಅದನ್ನೇ ತುಂಬಿಕೊಂಡೆವು.

ದೂರವಾಣಿಯ ವಿಷಯ ಮುಖ್ಯ. ದಡದಿಂದ ದೂರ ಹೋದೊಡನೆ ಮೊಬೈಲು ಹಡಗಿನದೇ ಉಪಗ್ರಹ ಜಾಲಕ್ಕೆ ತಾನಾಗಿ ಅಂಟಿಕೊಳ್ಳುತ್ತದೆ. ಸಾಮಾನ್ಯ ವಿದೇಶ ರೋಮಿಂಗ್ ಯೋಜನೆಗಳಲ್ಲಿ ಈ ಜಾಲ ಹೆಚ್ಚಾಗಿ ಸೇರಿರುವುದಿಲ್ಲ, ದರವೂ ವಿಪರೀತ. ಹಡಗು ಬಂದರು ಬಿಟ್ಟ ಕೂಡಲೇ ಮೊಬೈಲನ್ನು ವಿಮಾನ ಸ್ಥಿತಿಗೆ ಹಾಕಿ, ಬಂದರಿನಲ್ಲಿ ಮಾತ್ರ ತೆರೆಯುವುದು ಲೇಸು. ನಾಲ್ಕು ದಿನ ಮೊಮ್ಮಕ್ಕಳ ಚಿತ್ರ ಬರಲಿಲ್ಲವೆಂದು ನನ್ನ ಪತ್ನಿ ಸ್ವಲ್ಪ ಚಡಪಡಿಸಿದಳೆಂಬುದು ನಿಜ. ಬದಲಿಗೆ ನಾವಿಬ್ಬರೂ ಎಷ್ಟೋ ವರ್ಷಗಳ ಮೇಲೆ ಒಂದು ಇಡೀ ಸಂಜೆ ಮಾತಾಡಿದೆವು. ವೈದ್ಯಸೇವೆ ಹಡಗಿನಲ್ಲಿದೆ, ಆದರೆ ಖಾಸಗಿ ದರದಲ್ಲಿ. ಹಡಗಿನಿಂದ ರೋಗಿಯನ್ನು ದಡಕ್ಕೆ ಸಾಗಿಸುವ ವೆಚ್ಚವನ್ನೂ ಒಳಗೊಂಡ ಪ್ರವಾಸ ವಿಮೆಯಲ್ಲಿ ಕಾಸು ಉಳಿಸಲು ಹೋಗಬಾರದು.

ಬಂದರುಗಳಲ್ಲಿ ಹಡಗಿನವರೇ ಏರ್ಪಡಿಸುವ ಸುತ್ತಾಟಗಳು ದುಬಾರಿ. ಎಲ್ಲ ಕಡೆಯೂ ಅವು ಬೇಕೆಂದಿಲ್ಲ. ಪೆನಾಂಗಿನಲ್ಲಿ ಹಡಗು ನಿಲ್ಲುವ ಸ್ವೆಟೆನ್‌ಹ್ಯಾಮ್ ಕಟ್ಟೆ ಜಾರ್ಜ್‌ಟೌನ್ ಪಟ್ಟಣಕ್ಕೇ ತಾಗಿಕೊಂಡಿದೆ. ಇಳಿದು ನಡೆದರೆ ಹಳೆಯ ಕೋಟೆ. ಇನ್ನಷ್ಟು ನಡೆದರೆ ಹೂವಿನ ಮಾಲೆ, ಊದುಬತ್ತಿ, ದೋಸೆಯ ಕಂಪಿನ ಪುಟ್ಟ ಭಾರತ, ಮಹಾಮಾರಿಯಮ್ಮನ ಗುಡಿ. 2008ರಲ್ಲಿ ಈ ಪಟ್ಟಣ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಆದರೆ ನಮಗೆ ರೋಮಾಂಚನವಾದದ್ದು ಬೇರೊಂದಕ್ಕೆ. ಮಲಯ ಭಾಷೆಯಲ್ಲಿ 'ಪಿನಾಂಗ್' ಎಂದರೆ ಅಡಿಕೆ! ಪುಲಾವ್ ಪಿನಾಂಗ್ ಎಂದರೆ ಅಡಿಕೆಯ ದ್ವೀಪ. ಆ ರಾಜ್ಯದ ಧ್ವಜದ ನಡುವೆಯೂ ಅಡಿಕೆ ಮರವೇ ನಿಂತಿದೆ. ಕಾಸರಗೋಡಿನ ತೋಟದವರಿಗೆ ಇದಕ್ಕಿಂತ ದೊಡ್ಡ ಸ್ವಾಗತ ಬೇಕೇ? ಈ ಸುಖಕ್ಕೆ ನಾವು ಯಾವ ಶುಲ್ಕವನ್ನೂ ತೆರಲಿಲ್ಲ. ಒಂದು ಎಚ್ಚರ ಮಾತ್ರ ಇರಲಿ: ಹಡಗಿನ ಗಡಿಯಾರವೂ ದಡದ ಗಡಿಯಾರವೂ ಬೇರೆಯಾಗಿರಬಹುದು. ನಾವಾಗಿಯೇ ಸುತ್ತಲು ಹೋಗಿ ತಡವಾದರೆ ಹಡಗು ಕಾಯುವುದಿಲ್ಲ. ಬಂದರು ಪಟ್ಟಣದಿಂದ ದೂರವಿರುವಲ್ಲಿ ಆ ದುಬಾರಿ ಸುತ್ತಾಟವೇ ಕೊನೆಗೆ ಕ್ಷೇಮ.

ಇಷ್ಟೆಲ್ಲ ಹಿಡಿತ ಮಾಡಿದ ಮೇಲೂ ಲೆಕ್ಕದಲ್ಲಿ ಒಂದು ಬಾಬ್ತು ಪ್ರತಿದಿನ ಬೆಳೆಯುತ್ತಿತ್ತು. ಅದರ ಹೆಸರು ಗ್ರ್ಯಾಚುಯಿಟಿ, ಅಂದರೆ ಬಕ್ಷೀಸು. ಅಂತರರಾಷ್ಟ್ರೀಯ ಹಡಗುಗಳಲ್ಲಿ ಇದು ಈಗ ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್. ದಿನಕ್ಕೆ 18ರಂತೆ ಹಿಡಿದರೂ ಇಬ್ಬರಿಗೆ ನಾಲ್ಕು ದಿನಕ್ಕೆ 144 ಡಾಲರ್, ನಮ್ಮ ಹಣದಲ್ಲಿ ಹನ್ನೆರಡು ಸಾವಿರ ರೂಪಾಯಿಗೆ ಕಡಿಮೆಯಿಲ್ಲ. ಪಿಂಚಣಿದಾರನಿಗೆ ಇದು ಸಣ್ಣ ಮೊತ್ತವಲ್ಲ. ಮೂರನೆಯ ದಿನ ಬಫೆಯಲ್ಲಿ ಪರಿಚಯವಾದ ಸಹಪ್ರಯಾಣಿಕರೊಬ್ಬರು ಒಂದು ಉಪಾಯ ಹೇಳಿಕೊಟ್ಟರು. "ಸೇವಾ ಮೇಜಿಗೆ ಹೋಗಿ ಬೇಡವೆಂದು ಬರೆದುಕೊಟ್ಟರೆ ತೆಗೆದುಹಾಕುತ್ತಾರೆ. ನಾವು ಪ್ರತಿ ಸಲ ಹಾಗೆಯೇ ಮಾಡುವುದು. ಸಂಬಳ ಕೊಡಬೇಕಾದದ್ದು ಕಂಪನಿ ತಾನೇ?" ಅವರ ಮಾತಿನಲ್ಲಿ ತರ್ಕವಿಲ್ಲದೆ ಇರಲಿಲ್ಲ. ದುಡಿದವನ ಕೂಲಿಯನ್ನು ದರದೊಳಗೇ ಸೇರಿಸಿ ಹೇಳುವುದು ನೇರವಾದ ವ್ಯವಹಾರ. ಹಾಗೆ ಮಾಡುವ ಕಂಪನಿಗಳೂ ಇವೆ.

ನಮ್ಮ ಮೇಜಿಗೆ ಬಡಿಸುತ್ತಿದ್ದ ಹುಡುಗ ಮೊದಲ ರಾತ್ರಿಯೇ ನಮ್ಮ ಮಾತು ಕೇಳಿಸಿಕೊಂಡು, ಬಗ್ಗಿ ಮೆಲ್ಲನೆ, "ಈರೆನ ಊರು ಓಲು?" ಎಂದು ತುಳುವಿನಲ್ಲಿ ವಿಚಾರಿಸಿದ್ದ. ಮೂಡುಬಿದಿರೆಯ ಕಡೆಯವನು. ಕಾಸರಗೋಡು ಎಂದೊಡನೆ ಅವನ ಮುಖ ಅರಳಿತು. ನಾನು ಶಾಲೆಯಲ್ಲಿದ್ದವನೆಂದು ತಿಳಿದ ಮೇಲೆ 'ಸರ್' ಹೋಗಿ 'ಮಾಷ್ಟ್ರೇ' ಆಯಿತು. ಏಳು ತಿಂಗಳಿನಿಂದ ಮನೆಗೆ ಹೋಗಿಲ್ಲ, ವಾರದ ರಜೆ ಎಂಬುದಿಲ್ಲ, ಬೆಳಗ್ಗೆ ಬಡಿಸಿದವನೇ ಮಧ್ಯಾಹ್ನವೂ ರಾತ್ರಿಯೂ ಬಡಿಸಬೇಕು. ನಾವಿಕರ ದುಡಿಮೆಯ ಕುರಿತ ಅಂತರರಾಷ್ಟ್ರೀಯ ಒಪ್ಪಂದವೊಂದು 2013ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಒಂದೋ ಒಬ್ಬನನ್ನು ವಾರಕ್ಕೆ 72 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಇಲ್ಲವೇ ದಿನಕ್ಕೆ ಹತ್ತು ಗಂಟೆಯಾದರೂ ವಿಶ್ರಾಂತಿ ಕೊಡಬೇಕು. ಇದು ಕಾನೂನು ಕೊಡುವ ರಕ್ಷಣೆ. ಅಂದರೆ ದುಡಿಮೆಯ ಭಾರ ಎಷ್ಟಿರಬಹುದೆಂದು ನಾವೇ ಊಹಿಸಬಹುದು. "ಬಕ್ಷೀಸು ಒಟ್ಟು ಮಾಡಿ ಹಂಚುತ್ತಾರೆ ಮಾಷ್ಟ್ರೇ. ನಮ್ಮ ಪಾಲು ಅದರಲ್ಲೇ ಇರುವುದು" ಎಂದಷ್ಟೇ ಅವನು ಹೇಳಿದ್ದ, ಅದೂ ನಾನು ಕೇಳಿದ ಮೇಲೆ.

ನನ್ನ ಸೋದರಮಾವ 1960ರ ದಶಕದಲ್ಲಿ ಮುಂಬಯಿಯಿಂದ ಪೂರ್ವ ಆಫ್ರಿಕಾದ ಕಡೆಗೆ ಹೋಗುತ್ತಿದ್ದ ಪ್ರಯಾಣಿಕರ ಹಡಗೊಂದರಲ್ಲಿ ಭಂಡಾರಿಯಾಗಿದ್ದರು. ಹಡಗಿನ ಭಾಷೆಯಲ್ಲಿ ಭಂಡಾರಿಯೆಂದರೆ ಅಡುಗೆಯವನು. ಮೊಂಬಾಸಾದ ಹೆಸರನ್ನು ನಾನು ಭೂಪಟದಲ್ಲಿ ಕಾಣುವ ಮೊದಲು ಅವರ ಬಾಯಲ್ಲಿ ಕೇಳಿದ್ದೆ. ನನ್ನ ಕಾಲೇಜಿನ ಶುಲ್ಕಕ್ಕೆ ಅವರ ಮನಿಯಾರ್ಡರು ಬರುತ್ತಿತ್ತು. ರಜೆಯಲ್ಲಿ ಬಂದಾಗೊಮ್ಮೆ ನಮ್ಮ ತಾಯಿ, "ಇಷ್ಟೊಂದು ಕಳಿಸಿದರೆ ನಿನಗೇನುಳಿಯುತ್ತದೆ ತಮ್ಮಾ?" ಎಂದು ಕೇಳಿದ್ದಳು. "ಸಂಬಳ ನನ್ನದು ಅಕ್ಕಾ. ಹುಡುಗನಿಗೆ ಕಳಿಸುವುದು ಬಕ್ಷೀಸಿನದ್ದು. ಯಾರೋ ಉಂಡು ಮೆಚ್ಚಿ ಕೊಟ್ಟದ್ದು, ಅದು ಓದಿಗೇ ಹೋಗಲಿ" ಎಂದು ಅವರು ನಕ್ಕಿದ್ದರು.

ಸಹಪ್ರಯಾಣಿಕರು ಎದ್ದುಹೋದ ಮೇಲೆ ನಾನು ಸುಮ್ಮನೆ ಕುಳಿತಿದ್ದೆ. ಪತ್ನಿ ಪುಸ್ತಕ ತೆರೆದು ಆ ದಿನದ ಬಕ್ಷೀಸನ್ನು ಬರೆದುಕೊಂಡಳು. ಬರೆಯುತ್ತ, "ನೀವು ಪದವಿ ಮುಗಿಸಿದ್ದು ಇದರಲ್ಲೇ ಅಲ್ಲವೇ?" ಎಂದಳು. ನಾವು ಸೇವಾ ಮೇಜಿಗೆ ಹೋಗಲಿಲ್ಲ. ಕೊನೆಯ ರಾತ್ರಿ, ಪೆಟ್ಟಿಗೆಗಳನ್ನು ಚೀಟಿ ಕಟ್ಟಿ ಬಾಗಿಲ ಹೊರಗಿಟ್ಟ ಮೇಲೆ, ಕೋಣೆ ನೋಡಿಕೊಂಡ ಇಂಡೋನೇಷ್ಯಾದ ತರುಣನಿಗೂ ಮೂಡುಬಿದಿರೆಯ ಹುಡುಗನಿಗೂ ಲಕೋಟೆಯಲ್ಲಿ ಸ್ವಲ್ಪ ಹಣವಿಟ್ಟು ಪ್ರತ್ಯೇಕವಾಗಿ ಕೊಟ್ಟೆವು. ಪಾನೀಯದ ಪ್ಯಾಕೇಜು, ಅಂತರ್ಜಾಲ, ಛಾಯಾಚಿತ್ರಗಳನ್ನು ಬೇಡವೆಂದು ಬಿಟ್ಟದ್ದರಿಂದ ಉಳಿದದ್ದರಲ್ಲಿ ಅದು ಒಂದು ಅಂಶ ಮಾತ್ರ.

ಆದುದರಿಂದ ಎಷ್ಟಾಯಿತೆಂದು ಕೇಳುವವರಿಗೆ ನಾನು ಎರಡು ಅಂಕಣಗಳಲ್ಲಿ ಉತ್ತರ ಹೇಳುತ್ತೇನೆ. ನಮ್ಮ ಆಸೆಗೆ ಸಂಬಂಧಪಟ್ಟ ಖರ್ಚು ಒಂದು ಕಡೆ. ಅದನ್ನು ಎಷ್ಟು ಬೇಕಾದರೂ ಮೊಟಕು ಮಾಡಿ, ಯಾನದ ಸುಖಕ್ಕೆ ಕುಂದಿಲ್ಲ. ಇನ್ನೊಬ್ಬರ ದುಡಿಮೆಗೆ ಸಲ್ಲಬೇಕಾದದ್ದು ಇನ್ನೊಂದು ಕಡೆ. ಅದನ್ನು ಟಿಕೆಟಿನ ದರದ ಜೊತೆಗೇ ಮೊದಲ ದಿನ ಕೂಡಿಸಿಬಿಡಿ. ಕೂಡಿಸಿದ ಮೇಲೆ ಮೊತ್ತ ನಮ್ಮ ಶಕ್ತಿಗೆ ಮೀರಿದ್ದೆನ್ನಿಸಿದರೆ ನಾಲ್ಕು ರಾತ್ರಿಗಳ ಬದಲು ಮೂರು ರಾತ್ರಿಗಳ ಯಾನ ಸಾಕು. ಗಡಿನಾಡಿನ ನಮ್ಮ ಮನೆಗಳಲ್ಲಿ ಮುಂಬಯಿಗೋ ಗಲ್ಫಿಗೋ ಹಡಗಿಗೋ ಹೋಗಿ ದುಡಿದವರೊಬ್ಬರ ಹಣದಿಂದ ಓದಿದವರು ಕಡಿಮೆಯಿಲ್ಲ. ಮೂಡುಬಿದಿರೆಯ ಹುಡುಗನ ತಂಗಿ ಈ ವರ್ಷ ನರ್ಸಿಂಗ್ ಸೇರಿದ್ದಾಳಂತೆ.