ಹೊತ್ತಾರೆಗೆ ಬಿದ್ದ ಕೆಂಪು ಗೀಟು

ಮೊಮ್ಮಗನ ಕನ್ನಡ ನೋಟ್‌ಬುಕ್ಕಿನಾಗೆ ಮೊನ್ನೆ ಒಂದು ಕೆಂಪು ಗೀಟು ಬಿದ್ದಿತ್ತು ಕಣ್ರೇ. 'ನನ್ನ ದಿನ' ಅಂತ ಬರೆಯೋಕೆ ಹೇಳಿದ್ರಂತೆ. ಇವ್ನು 'ಹೊತ್ತಾರೆ ಎದ್ದು ಹಾಲು ಕುಡಿಯುತ್ತೇನೆ' ಅಂತ ಬರೆದಿದ್ದ. ಹೊತ್ತಾರೆ ಹೊಡೆದುಹಾಕಿ ಮ್ಯಾಲೆ 'ಬೆಳಿಗ್ಗೆ' ಅಂತ ತಿದ್ದಿದ್ರು. ಅದಕ್ಕೆ ನನಗೇನೂ ಬೇಜಾರಿಲ್ಲ, ಪರೀಕ್ಷೆ ಪರೀಕ್ಷೇನೇ. ಆದ್ರೆ ಹುಡುಗ, "ಅಜ್ಜೀ, ಇನ್ಮೇಲೆ ನನ್ನ ಹತ್ರ ಹಂಗೆಲ್ಲ ಮಾತಾಡ್ಬೇಡ" ಅಂದ್ಬಿಟ್ಟ. ಎರಡು ದಿನ ನಾಲಿಗೆ ಬಿಗಿ ಹಿಡಕೊಂಡು ಬೆಳಿಗ್ಗೆ, ಸಂಜೆ ಅಂತಾನೇ ಮಾತಾಡಿದೆ. ಯಾರದೋ ಮನೆಗೆ ನೆಂಟಳಾಗಿ ಬಂದಂಗಿತ್ತು.

ನಮ್ಮವ್ವ ಹೊಸದುರ್ಗದ ಕಡೆಯೋಳು. ಮನೆಯಾಗೆ ಗಡಿಯಾರ ಇರ್ಲಿಲ್ಲ, ಹೊಸ್ತಿಲ ಬಿಸಿಲು ನೋಡೇ ಎಸರಿಡ್ತಿದ್ಲು. ಅವಳಿಗೆ ಹೊತ್ತು ಅಂದ್ರೆ ಸೂರ್ಯಾನೂ ಹೌದು, ಟೈಮೂ ಹೌದು. ಹೊತ್ತು ಹುಟ್ತು, ನೆತ್ತಿಗೆ ಬಂತು, ಮುಳುಗ್ತು. ಉಣ್ಣೋದೂ ಅದ್ರ ಲೆಕ್ಕದಾಗೇ. ಸೋಮವಾರ ಒಪ್ಪೊತ್ತು ಅಂದ್ರೆ ದಿನಕ್ಕೆ ಒಂದೇ ಊಟ. ನಾವು ಆಟ ಬಿಟ್ಟು ಬರದಿದ್ರೆ "ಮೂರೊತ್ತೂ ಬೀದಿಯಾಗೇ ಇರ್ತೀರಾ" ಅಂತ ಬೈತಿದ್ಲು. ದೀಪ ಹಚ್ಚೋ ಹೊತ್ತು ಮುಚ್ಚಂಜೆ, ಆಗ ಕಸ ಗುಡಿಸಂಗಿಲ್ಲ. ನಡುರಾತ್ರಿ ಸರೊತ್ತು. ನಾನು ಹಿರಿಯೂರಿಗೆ ಸೊಸೆಯಾಗಿ ಬಂದ್ಮೇಲೂ ಇವೇ ಮಾತು. ಮಾರಿಕಣಿವೆ ನಾಲೆ ನೀರಿಗೆ ನಮ್ಮ ಸರದಿ ಸರೊತ್ತಿನಾಗೆ ಬಂದ್ರೆ ಮಾವನೋರು ಕಂದೀಲು ಹಿಡಕೊಂಡು ಹೊರಡೋರು.

ಮೂರನೇ ದಿನ ಅವ್ವ ಫೋನ್ ಮಾಡಿದ್ಲು. "ಹಬ್ಬಕ್ಕೆ ಹೊತ್ತಾರೆ ಬಸ್ಸಿಗೇ ಬಂದ್ಬಿಡ್ರಿ" ಅಂದ್ಲು. ಹುಡುಗ ಫೋನ್ ಕಿತ್ಕೊಂಡು, "ಮುತ್ತಜ್ಜೀ, ಅದು ತಪ್ಪು, ಬೆಳಿಗ್ಗೆ ಅನ್ಬೇಕು" ಅಂದ. ಅವ್ವ ಒಂದ್ಗಳಿಗೆ ಸುಮ್ಮನಾದ್ಲು. ಆಮೇಲೆ, "ಹೌದೇನಪ್ಪಾ? ನಂಗೆ ಗೊತ್ತಿರ್ಲಿಲ್ಲ" ಅಂದ್ಲು.

ಅವತ್ತು ನನಗೆ ತಡೆಯಾಕೆ ಆಗ್ಲಿಲ್ಲ. ಹುಡುಗನ್ನ ಪಕ್ಕ ಕೂರಿಸ್ಕೊಂಡೆ. ಹಳೆಗನ್ನಡದ 'ಪ' ಎಷ್ಟೋ ಕಡೆ 'ಹ' ಆಗೈತೆ, 'ಪಾಲು' ಹಾಲಾತು, 'ಪಾವು' ಹಾವಾತು, ಹಂಗೇ 'ಪೊತ್ತು' ಹೊತ್ತಾತು, ಅದು ಪಂಪನ ಕಾಲದ ಮಾತು ಕಣೋ ಅಂದೆ. ಪಿಯುಸಿಯಾಗೆ ಓದಿದ್ದು ಇಷ್ಟು ವರ್ಷಕ್ಕೆ ಉಪಯೋಗಕ್ಕೆ ಬಂತು! ಮಗ ಫೋನಿನಾಗೆ ಕಿಟ್ಟೆಲ್ ಅವರ 1894ರ ನಿಘಂಟು ತೆಗೆದು ಹೊತ್ತು, ಬೈಗು ಎರಡನ್ನೂ ತೋರಿಸ್ದ. ಬೈಗು ಅಂದ್ರೆ ಸಂಜೆ, ಅದನ್ನೂ ಇವ್ನು ಕೇಳಿರ್ಲಿಲ್ಲ. ಶಾಲೆಗೆ ಬೆಳಿಗ್ಗೆ ಅಂತಾನೇ ಬರಿ, ಮುತ್ತಜ್ಜಿಗೆ ಮಾತ್ರ ತಪ್ಪು ಅನ್ಬೇಡ ಅಂತ ಹೇಳ್ದೆ.

ಅವ್ನು ಮಾತಾಡ್ಲಿಲ್ಲ. ಮಲಗೋ ಮುಂದೆ ಬಂದು, "ಅಜ್ಜೀ, ಸರೊತ್ತು ಅಂದ್ರೆ ಎಷ್ಟು ಗಂಟೆ? ನಾನೂ ಎಚ್ಚರ ಇರ್ತೀನಿ" ಅಂದ. ಒಂಬತ್ತೂವರೆಗೆಲ್ಲ ಗೊರಕೆ.