ಎರಡು ಪೌಂಡಿನ ‘ನಾನು’

ಸಂಗೀತದ ಹುಚ್ಚು, ಇಸ್ಪೀಟಿನ ಹುಚ್ಚು, ಊರ ಉಸಾಬರಿಯ ಹುಚ್ಚು, ಇವುಗಳಿಗೆಲ್ಲ ನಮ್ಮಲ್ಲಿ ಒಂದು ಮನ್ನಣೆಯುಂಟು. ಆದರೆ ಹಗಲೆಲ್ಲ ವಿಮೆಯ ಕಡತಗಳನ್ನು ನೋಡಿದ ಗೃಹಸ್ಥನೊಬ್ಬ, ರಾತ್ರಿ ಹತ್ತರ ಮೇಲೆ ಯಾರೂ ಕೇಳದ, ಯಾರೂ ಕಾಸು ಕೊಡದ ಪ್ರೋಗ್ರಾಮುಗಳನ್ನು ಬರೆಯುತ್ತ ಕಂಪ್ಯೂಟರಿನ ಮುಂದೆ ಕೂಡುತ್ತಾನೆಂದರೆ, ಜನ ಅವನ ಹೆಂಡತಿಯನ್ನು ಕನಿಕರದಿಂದ ನೋಡುತ್ತಾರೆ. ಸಾಲದ್ದಕ್ಕೆ ನನಗೆ ಸ್ವಂತದ್ದೊಂದು ಜಾಲತಾಣವೂ ಉಂಟು. ಅದರ ಹೆಸರಿಗೆ ವರ್ಷಕ್ಕೊಮ್ಮೆ ಬಾಡಿಗೆ ಕಟ್ಟುತ್ತೇನೆ. ದಾವಣಗೆರೆಯ ಮಿತ್ರರೊಬ್ಬರು ಬೆಣ್ಣೆದೋಸೆಯ ಮುಂದೆ ಕುಳಿತು, “ಅಲ್ರೀ, ಬಾಡಿಗೆ ಕಟ್ಟೋದೇ ಆದ್ರೆ ಒಂದು ಮಳಿಗೆಗಾದ್ರೂ ಕಟ್ರಿ, ನಾಲ್ಕು ಕಾಸು ಹುಟ್ಟುತ್ತೆ” ಎಂದರು. ಮಾತು ನಿಜವೇ. ತಿಂಗಳಿಗೆ ಮೂವತ್ತು ಮಂದಿ ನನ್ನ ತಾಣಕ್ಕೆ ಬಂದರೆ ಹೆಚ್ಚು. ಅವರಲ್ಲಿ ಇಪ್ಪತ್ತೈದು ಮಂದಿ ಮನುಷ್ಯರೇ ಅಲ್ಲ. ಊರೂರು ತಿರುಗುವ ಹುಡುಕುಯಂತ್ರಗಳು.

ಕಳೆದ ಮಳೆಗಾಲದಿಂದ ಮಾತ್ರ ಈ ಹುಚ್ಚಿಗೆ ಒಂದು ಕೆಲಸ ಸಿಕ್ಕಿದೆ.

ನಮ್ಮ ತಂದೆ ಹರಿಹರದಲ್ಲಿ, 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದರು. ಲೇತುಗಳನ್ನು ಮಾಡುತ್ತಿದ್ದ ಆ ಕಾರ್ಖಾನೆ ಈಗಿಲ್ಲ. ನಿವೃತ್ತರಾದ ಮೇಲೆ ಅವರು ನನ್ನ ಹಳೆಯ ಕಂಪ್ಯೂಟರಿನ ಮುಂದೆ ಕುಳಿತು, ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಕ್ರಮವನ್ನು ಎಂಟೇ ದಿನದಲ್ಲಿ ಕಲಿತರು. ಇಂಗ್ಲಿಷಿನ ‘ಕೆ’ ಒತ್ತಿದರೆ ‘ಕ’, ‘ಜಿ’ ಒತ್ತಿದರೆ ‘ಗ’. ಬುದ್ಧಿಗೆ ಭಾರವಿಲ್ಲದ ಏರ್ಪಾಡು. ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ನಲವತ್ತು ಪುಟ ಬರೆದಿಟ್ಟರು. ಅವರು ಹೋಗಿ ಒಂಬತ್ತು ವರ್ಷವಾಯಿತು. ಹೋದ ವರ್ಷ ಅಮ್ಮ, “ಅದನ್ನ ಒಂದ್ಸಲ ಓದಿ ಹೇಳಪ್ಪ” ಎಂದಾಗ ತೆರೆದು ನೋಡಿದರೆ ಕನ್ನಡವೇ ಇಲ್ಲ. ರೋಮನ್ ಅಕ್ಷರಗಳು, ಅವುಗಳ ತಲೆಯ ಮೇಲೆ ಕೊಂಬು, ನಡುನಡುವೆ ಬ್ರಿಟಿಷರ ಪೌಂಡಿನ ಚಿಹ್ನೆ!

ಇದರ ಗುಟ್ಟು ಸರಳ. ಆಗಿನ ಕನ್ನಡ ತಂತ್ರಾಂಶಗಳಲ್ಲಿ ನಡೆಯುತ್ತಿದ್ದುದು ಒಂದು ವೇಷಗಾರಿಕೆ. ಯಂತ್ರಕ್ಕೆ ತಿಳಿದಿದ್ದುದು ರೋಮನ್ ಅಕ್ಷರ ಮತ್ತು ಕೆಲವು ಚಿಹ್ನೆಗಳು ಮಾತ್ರ. ಅವಕ್ಕೆ ಕನ್ನಡದ ಮುಖವಾಡ ತೊಡಿಸಿದ್ದರು. ಆ ಕಾಲಕ್ಕೆ ಅದು ದೊಡ್ಡ ಉಪಕಾರವೇ. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಮುಖವಾಡ ಕಳಚಿ ಬೀಳುತ್ತದೆ. ‘ನ’ಕಾರದ ವೇಷ ಹಾಕಿದ್ದದ್ದು ಪೌಂಡು, ಹೀಗಾಗಿ ಅಪ್ಪ ‘ನಾನು’ ಎಂದು ಬರೆದ ಕಡೆಯಲ್ಲೆಲ್ಲ ಎರಡೆರಡು ಪೌಂಡು. ಸಂಬಳದ ದಿನ ಇದನ್ನು ಕಂಡಿದ್ದರೆ ಅವರು ಬಹಳ ನಗುತ್ತಿದ್ದರು. 1991ರಿಂದೀಚೆಗೆ ಯುನಿಕೋಡ್ ಎಂಬ ವ್ಯವಸ್ಥೆಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆಯುಂಟು. ‘ಕ’ ಎಂದರೆ 3221, ‘ನ’ ಎಂದರೆ 3240. ವೇಷದ ಹಂಗಿಲ್ಲ.

ಹಳೆಯದನ್ನು ಹೊಸದಕ್ಕೆ ತರುವ ಪರಿವರ್ತಕಗಳನ್ನು ಬಲ್ಲವರು ಮೊದಲೇ ಮಾಡಿಟ್ಟಿದ್ದಾರೆ. ಆದರೂ ಪೇಟೆಯಲ್ಲಿ ಸಿಗುತ್ತದೆಂದು ಯಾರಾದರೂ ಮನೆಯಲ್ಲಿ ಉಪ್ಪಿನಕಾಯಿ ಹಾಕುವುದನ್ನು ಬಿಟ್ಟಿದ್ದಾರೆಯೆ? ನಾನೇ ಒಂದನ್ನು ಬರೆಯತೊಡಗಿದೆ. ಮೊದಲು ಎದುರಾದದ್ದು ಅರ್ಕಾವತ್ತು. ‘ಕಾರ್ಖಾನೆ’ ಎನ್ನುವಾಗ ಬಾಯಿಗೆ ಮೊದಲು ಬರುವುದು ರಕಾರ. ಕೈ ಮಾತ್ರ ಅದನ್ನು ‘ಖಾ’ ಆದ ಮೇಲೆ ಬರೆಯುತ್ತದೆ. ಹಳೆಯ ಕಡತ ಕೈಯ ಕ್ರಮದಲ್ಲಿದೆ, ಯುನಿಕೋಡಿಗೆ ಬೇಕಾದದ್ದು ಬಾಯಿಯ ಕ್ರಮ. ಹಿಂದೆ ಉಳಿದ ರಕಾರವನ್ನು ಕೈಹಿಡಿದು ಮುಂದಕ್ಕೆ ತಂದು ನಿಲ್ಲಿಸಬೇಕು. ಇನ್ನು ಅಪ್ಪ ‘ಲೇತ್’ ಎಂಬುದನ್ನು ಇಂಗ್ಲಿಷಿನಲ್ಲೇ ಕುಟ್ಟಿದ್ದರು. ನನ್ನ ಪ್ರೋಗ್ರಾಮು ಅದನ್ನೂ ವೇಷವೆಂದೇ ಬಗೆದು, ಟಕಾರದಿಂದ ಹೊರಡುವ ಏನೋ ಒಂದು ಅಪಶಬ್ದ ಮಾಡಿಟ್ಟಿತು. ಇಂಗ್ಲಿಷು ಯಾವುದು, ವೇಷದ ಕನ್ನಡ ಯಾವುದು ಎಂಬುದು ಅದಕ್ಕೆ ತಿಳಿಯದು. ಕೊನೆಗೆ ನಾನೇ ಸಾಲುಸಾಲಾಗಿ ಓದಬೇಕಾಯಿತು.

ಓದುತ್ತ ಹೋದಂತೆ ಪ್ರೋಗ್ರಾಮು ಮರೆತೇಹೋಯಿತು. ಬೀಡುಕಬ್ಬಿಣ ಪುಡಿಪುಡಿಯಾಗಿ ಉದುರುತ್ತದೆ, ಉಕ್ಕು ಸುರುಳಿಸುರುಳಿಯಾಗಿ ಬರುತ್ತದೆ, ಕಣ್ಣು ಮುಚ್ಚಿಕೊಂಡರೂ ಸದ್ದಿನಿಂದಲೇ ಹೇಳಬಹುದು ಎಂದು ಬರೆದಿದ್ದಾರೆ. ಮನೆಯಲ್ಲಿ ದಿನಕ್ಕೆ ಹತ್ತು ಮಾತಾಡದ ಮನುಷ್ಯ, ಒಂದು ಲೇತಿನ ಮೊರೆತಕ್ಕೆ ಮುಕ್ಕಾಲು ಪುಟ ಕೊಟ್ಟಿದ್ದಾರೆ!

ಮೂವತ್ತಾರನೆಯ ಪುಟದಲ್ಲಿ ಒಂದು ಕಡೆ ಕೆಲಸ ನಿಂತಿತು. ಪ್ರತಿ ಮಾಡುವಾಗ ಯಾವ ಯಂತ್ರವೋ ನಾಲ್ಕಾರು ಚಿಹ್ನೆಗಳನ್ನು ನುಂಗಿ ಬರಿಯ ಪ್ರಶ್ನಾರ್ಥಕಗಳನ್ನು ಉಗುಳಿದೆ. ‘ಕೊನೆಯ ದಿನ ನಾನು’, ಆಮೇಲೆ ಪ್ರಶ್ನೆಗಳು, ಆಮೇಲೆ ‘ಮನೆಗೆ ಬಂದೆ.’ ಹರಿಹರೇಶ್ವರನ ಗುಡಿಯ ಶಾಸನಗಳು ನೆನಪಾದವು. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ ಅದು. ಅಲ್ಲಿಯ ಹಳೆಯ ಕಲ್ಲುಬರಹಗಳು ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 11ನೆಯ ಸಂಪುಟದಲ್ಲಿ, 1903ರಲ್ಲಿ, ಅಚ್ಚಾದುವು. ಅಕ್ಷರ ಸವೆದ ಕಡೆ ಶಾಸನದ ವಿದ್ವಾಂಸರು ಊಹೆಯಿಂದ ತುಂಬದೆ ಚುಕ್ಕಿ ಹಾಕಿ ಬಿಡುತ್ತಾರೆ. ನಾನೂ ಚುಕ್ಕಿ ಹಾಕಿದೆ.

ಮುಂದಿನ ಭಾನುವಾರ ಹರಿಹರಕ್ಕೆ ಹೋದಾಗ ಅಮ್ಮನನ್ನು ಕೇಳಿದೆ. ಅಕ್ಕಿ ಆರಿಸುತ್ತಿದ್ದವರು ಮೊರದಿಂದ ತಲೆಯೆತ್ತಲಿಲ್ಲ. “ಸೈಕಲ್ ಅಲ್ಲೇ ಬಿಟ್ಟು ನಡ್ಕಂಡು ಬಂದ್ರು, ಹೊಳೆ ದಂಡೆಗುಂಟ. ಕತ್ಲಾಗಿತ್ತು. ಯಾಕೆ ಅಂತ ನಾನೂ ಕೇಳ್ಲಿಲ್ಲ.”

ಚುಕ್ಕಿಗಳನ್ನು ಹಾಗೆಯೇ ಉಳಿಸಿ, ಅಮ್ಮನ ಮಾತನ್ನು ಅದರ ಕೆಳಗೆ ಸಣ್ಣಕ್ಷರದಲ್ಲಿ ಹಾಕಿದ್ದೇನೆ. ತಾಣದ ಬಾಡಿಗೆಯನ್ನು ಈ ಸಲ ಹತ್ತು ವರ್ಷಕ್ಕೆ ಒಟ್ಟಿಗೇ ಕಟ್ಟಿದೆ.